ಪಿಸ್ತೂಲು ಕೈಯಲ್ಲಿ ಕೂಡಬೇಕು

ಶಿಗ್ಗಾಂವಿಯಲ್ಲಿ ನನ್ನ ತಂಗಿಯ ಮನೆಯ ಪಡಸಾಲೆ. ಪೆಟ್ಟಿಗೆಯ ಸ್ಪಂಜಿನ ಗೂಡಿನಿಂದ ಏರ್ ಪಿಸ್ತೂಲನ್ನು ಎತ್ತಿ ಬಲಗೈಯಲ್ಲಿ ಹಿಡಿದ ಹದಿನಾಲ್ಕರ ಹುಡುಗಿ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ ಅಂದಳು: ‘ಮಾಮಾ, ಇದು ನನ್ನ ಕೈಯಾಗ ಕೂಡವಲ್ದು.’

2024ರ ಜುಲೈ 28ರಂದು ಪ್ಯಾರಿಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದದ್ದನ್ನು, ಎರಡು ದಿನ ಬಿಟ್ಟು ಸರಬ್‌ಜೋತ್ ಸಿಂಗ್ ಜೊತೆ ಇನ್ನೊಂದು ಕಂಚು ಗೆದ್ದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಈ ಹುಡುಗಿಗೆ ಬೇರೆ ಧ್ಯಾನವಿರಲಿಲ್ಲ. ನಾನು ಹಾನಗಲ್‌ನಿಂದ ಹುಬ್ಬಳ್ಳಿಯ ರೇಂಜಿಗೆ ಹೋಗಿ ಬಂದು ಗುರಿ ಅಭ್ಯಾಸ ಮಾಡುವವನು. ಎಲ್ಲ ಬಲ್ಲೆ ಎಂಬ ಧೈರ್ಯದಲ್ಲಿ ಸೆಕೆಂಡ್ ಹ್ಯಾಂಡ್ ಪಿಸ್ತೂಲು ಕೊಂಡುಕೊಟ್ಟೆ. ದೊಡ್ಡ ಹೆಸರಿನ ಕಂಪನಿಯದು, ಬೆಲೆ ಲಕ್ಷದ ಮೇಲೆ. ಆದರೆ ಅದನ್ನು ಹಿಡಿಯಬೇಕಾದ ಕೈಯನ್ನು ಕರೆದುಕೊಂಡು ಹೋಗದೆ ಕೊಂಡೆ. ಅದರ ಹಿಡಿ ದೊಡ್ಡ ಅಳತೆಯದು. ಹುಡುಗಿಯ ತೋರುಬೆರಳಿನ ತುದಿ ಟ್ರಿಗರಿಗೆ ತಾಕಿದರೆ ತಾಕಿತು, ಇಲ್ಲದಿದ್ದರೆ ಇಲ್ಲ. ಮೊದಲ ವಾರದ ಗುಂಡುಗಳೆಲ್ಲ ಎಡಕ್ಕೆ, ಅಂಗೈಯಗಲ ಚೆದುರಿ ಬಿದ್ದವು. ‘ಪಿಸ್ತೂಲೇ ಸರಿ ಇಲ್ಲ’ ಎಂದು ಮನೆಮಂದಿ ತೀರ್ಮಾನಿಸಿಬಿಟ್ಟರು.

ಪಿಸ್ತೂಲು ಸರಿಯಾಗಿಯೇ ಇತ್ತು. ಹುಬ್ಬಳ್ಳಿಯಲ್ಲಿ ಅದಕ್ಕೆ ರಬ್ಬರ್ ಸುತ್ತಿ, ವೈಸಿನಲ್ಲಿ ಬಿಗಿದು, ಕೈ ತಾಕಿಸದೆ ಐದು ಪೆಲೆಟ್ ಹೊಡೆದೆವು. ಐದೂ ಸೇರಿ ಕಾಗದದ ಮೇಲೆ ಒಂದೇ ತೂತು ಬಿತ್ತು. ಅಂದೇ ನನಗೆ ಈ ಲೇಖನ ಬರೆಯಬೇಕು ಅನಿಸಿತು. ನಮ್ಮ ಹಾವೇರಿ ಜಿಲ್ಲೆಯಲ್ಲಿ ಏರ್ ಪಿಸ್ತೂಲು ಕೊಳ್ಳುವ ಮಕ್ಕಳಿದ್ದಾರೆ, ಲೈಸೆನ್ಸ್ ಮಾಡಿಸಿ ರಿವಾಲ್ವರ್ ಕೊಳ್ಳುವ ದೊಡ್ಡವರಿದ್ದಾರೆ. ಇಬ್ಬರಿಗೂ ಆಗುವ ಬೇಸರದ ಬೇರು ಒಂದೇ: ಹೆಸರು ನೋಡಿ ಕೊಳ್ಳುತ್ತಾರೆ, ಕೈ ನೋಡಿ ಕೊಳ್ಳುವುದಿಲ್ಲ.

ಮೊದಲು ಗುರಿಯ ಲೆಕ್ಕ ಹೇಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. 10 ಮೀಟರ್ ಸ್ಪರ್ಧೆಯ ಕಾರ್ಡಿನಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್. ಒಂದು ರೂಪಾಯಿ ನಾಣ್ಯದ ಹೆಚ್ಚುಕಡಿಮೆ ಅರ್ಧ. ಅದರೊಳಗಿನ ಪುಟ್ಟ ವೃತ್ತ 5 ಮಿಲಿಮೀಟರ್, ತೊಗರಿಕಾಳಿನಷ್ಟು. ಒಂದೊಂದು ಅಂಕದ ಅಂತರ 8 ಮಿಲಿಮೀಟರ್. ಪಿಸ್ತೂಲಿನ ಹಿಂದಿನ ಸೈಟಿನ ಕಚ್ಚಿನಲ್ಲಿ ಮುಂದಿನ ಸೈಟು ಸರಿಯಾಗಿ ನಡುವೆ ನಿಲ್ಲಬೇಕು, ಎರಡೂ ಬದಿಯ ಬೆಳಕಿನ ಗೆರೆ ಸಮ ಇರಬೇಕು. ಏರ್ ಪಿಸ್ತೂಲಿನಲ್ಲಿ ಈ ಎರಡು ಸೈಟುಗಳ ನಡುವೆ ಸುಮಾರು 33 ಸೆಂಟಿಮೀಟರ್ ಇದೆ ಎನ್ನಿ. ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ 10 ಮೀಟರ್ ದೂರದಲ್ಲಿ ಗುಂಡು 3 ಸೆಂಟಿಮೀಟರ್ ಆಚೆ ಬೀಳುತ್ತದೆ. ಅಂದರೆ ಹೆಚ್ಚುಕಡಿಮೆ ಮೂರೂಮುಕ್ಕಾಲು ಅಂಕ ಹೋಯಿತು. ಅದೇ, ಸೈಟುಗಳ ಹೊಂದಿಕೆ ಕೆಡದೆ ಇಡೀ ಕೈಯೇ 3 ಮಿಲಿಮೀಟರ್ ತೂಗಿದರೆ ಗುಂಡು ಸರಿಯುವುದೂ 3 ಮಿಲಿಮೀಟರ್ ಮಾತ್ರ. ಕೈ ನಡುಗಿದ್ದಕ್ಕೆ ಅಷ್ಟು ದಂಡವಿಲ್ಲ, ಮಣಿಕಟ್ಟು ಬಾಗಿದ್ದಕ್ಕೆ ದೊಡ್ಡ ದಂಡ. ಹೊಸಬರು ಕೈ ನಡುಗುತ್ತದೆಂದು ಕಣ್ಣೀರು ಹಾಕುತ್ತಾರೆ. ಅವರಿಗೆ ಈ ಲೆಕ್ಕವನ್ನು ಮೊದಲ ದಿನವೇ ಹೇಳಿಕೊಡಬೇಕು.

ಈಗ ಇದೇ ಲೆಕ್ಕವನ್ನು ರಿವಾಲ್ವರಿಗೆ ಹಚ್ಚಿ. ಮೂರು ಇಂಚಿನ ಬ್ಯಾರಲ್ಲಿನ ಸಣ್ಣ ರಿವಾಲ್ವರಿನಲ್ಲಿ ಎರಡು ಸೈಟುಗಳ ನಡುವೆ 12 ಸೆಂಟಿಮೀಟರ್ ಸಿಕ್ಕರೆ ಹೆಚ್ಚು. ಒಂದು ಮಿಲಿಮೀಟರ್ ತಪ್ಪಿದರೆ 10 ಮೀಟರಿಗೆ 8 ಸೆಂಟಿಮೀಟರ್, 50 ಮೀಟರಿಗೆ 40 ಸೆಂಟಿಮೀಟರ್ ಅತ್ತಿತ್ತ. ಸವಣೂರಿನ ನನ್ನ ಗೆಳೆಯರೊಬ್ಬರು ಆರು ವರ್ಷ ಓಡಾಡಿ ಲೈಸೆನ್ಸ್ ಪಡೆದು .32 ರಿವಾಲ್ವರ್ ತಂದರು. ರೇಂಜಿನಲ್ಲಿ 15 ಮೀಟರಿನಿಂದ ಆರು ಗುಂಡು ಹಾರಿಸಿದರು. ದಪ್ಪ ರಟ್ಟಿನ ಮೇಲೆ ಬಿದ್ದದ್ದು ಎರಡು. ಅವರ ಮುಖ ನೋಡಲಾಗಲಿಲ್ಲ. ‘ಇಷ್ಟ ರೊಕ್ಕಾ ಕೊಟ್ಟು ಮೋಸ ಹ್ವಾದೆ’ ಅಂದರು. ನಾನು ಅವರಿಗೆ ಹೇಳಿದ್ದು, ಮೋಸ ಆಗಿಲ್ಲ, ಅದರಿಂದ ಆಗದ ಕೆಲಸವನ್ನು ಅದಕ್ಕೆ ಹೇಳಿದಿರಿ ಎಂದು.

ನಮ್ಮ ದೇಶದಲ್ಲಿ 9 ಎಂಎಂ, .38ನಂಥ ಅಳತೆಯ ಪಿಸ್ತೂಲು-ರಿವಾಲ್ವರುಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಆದ್ದರಿಂದ ಹೆಚ್ಚಿನವರ ಕೈಗೆ ಬರುವುದು .32. ಸರ್ಕಾರಿ ಆಯುಧ ಕಾರ್ಖಾನೆಯ ‘ನಿರ್ಭೀಕ್’ ರಿವಾಲ್ವರ್ 2014ರಲ್ಲಿ ಬಂತು. ತೂಕ ಅರ್ಧ ಕೆ.ಜಿ., ಆಗಿನ ಬೆಲೆ ಸುಮಾರು 1.22 ಲಕ್ಷ. 2023ರ ಆಗಸ್ಟ್‌ನಲ್ಲಿ ಕಾನ್ಪುರದಿಂದ ‘ಪ್ರಬಲ್’ ಬಂತು. ಬ್ಯಾರಲ್ 76 ಮಿಲಿಮೀಟರ್, ತೂಕ ಸುಮಾರು 700 ಗ್ರಾಂ, 50 ಮೀಟರ್ ರೇಂಜ್ ಎಂದು ಪತ್ರಿಕೆಗಳಲ್ಲೆಲ್ಲ ಬಂತು. ರೇಂಜ್ ಎಂಬ ಈ ಮಾತನ್ನು ಕೊಳ್ಳುವವರು ತಪ್ಪಾಗಿ ಕೇಳಿಸಿಕೊಳ್ಳುತ್ತಾರೆ. ಗುಂಡಿಗೆ ಅಷ್ಟು ದೂರ ಹೋಗುವ ಕಸುವು ಇದೆ ಎಂಬುದು ಒಂದು, ನೀವು ಅಷ್ಟು ದೂರದ ಗುರಿಯನ್ನು ಹೊಡೆಯಬಲ್ಲಿರಿ ಎಂಬುದು ಇನ್ನೊಂದು. ಮೊದಲನೆಯದನ್ನು ಕಾರ್ಖಾನೆ ಕೊಡುತ್ತದೆ, ಎರಡನೆಯದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು.

.32 ರಿವಾಲ್ವರಿನ ಕಾಡತೂಸು ಗುರಿಗೆ ಕೆಟ್ಟದ್ದು ಎಂದೂ ತಿಳಿಯಬೇಡಿ. ಅಂತರರಾಷ್ಟ್ರೀಯ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಗಳಲ್ಲಿ ದೊಡ್ಡ ದೊಡ್ಡ ಶೂಟರುಗಳು ಬಳಸುವುದು ಇದೇ .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್ ಜಾತಿಯ, ಚಪ್ಪಟೆ ಮೂತಿಯ ಕಾಡತೂಸನ್ನು. ಅವರ ಪಿಸ್ತೂಲಿನ ಸೈಟುಗಳ ಅಂತರ ಉದ್ದ, ಟ್ರಿಗರ್ ಹಗುರ, ಹಿಡಿ ಅಂಗೈಯ ಅಚ್ಚಿನಂತೆ. ಜೇಬಿನ ರಿವಾಲ್ವರಿನಲ್ಲಿ ಈ ಮೂರೂ ಇಲ್ಲ. ಅದರ ಸುತ್ತಿಗೆಯನ್ನು ಮೊದಲೇ ಎಳೆದು ನಿಲ್ಲಿಸದೆ ಬೆರಳಿನಿಂದಲೇ ಪೂರ್ತಿ ಎಳೆದರೆ ಟ್ರಿಗರ್ ಕೇಳುವ ಭಾರ ಸಾಮಾನ್ಯವಾಗಿ ನಾಲ್ಕೈದು ಕೆ.ಜಿ. ಮುಕ್ಕಾಲು ಕೆ.ಜಿ.ಯ ವಸ್ತುವನ್ನು ಅಲುಗದಂತೆ ಹಿಡಿದು ಅದರದೇ ಒಂದು ತುಂಡನ್ನು ಐದು ಕೆ.ಜಿ. ಭಾರದಿಂದ ಎಳೆಯಬೇಕು. ಏರ್ ಪಿಸ್ತೂಲಿನಲ್ಲಿ ನಿಯಮ ಕೇಳುವುದು ಕನಿಷ್ಠ 500 ಗ್ರಾಂ ಅಷ್ಟೇ. ಒಂದನ್ನು ಹಿಡಿದು ಇನ್ನೊಂದರ ಫಲ ಬಯಸಬಾರದು.

.32 ಎಂದು ಬರೆದಿದ್ದರೆ ಎಲ್ಲವೂ ಒಂದೇ ಅಲ್ಲ, ಇದನ್ನೂ ನೆನಪಿಡಿ. ಪಿಸ್ತೂಲಿನ .32 ಕಾಡತೂಸು ಗಿಡ್ಡ, ಅದರ ಮ್ಯಾಗಝಿನ್‌ಗೆಂದೇ ಮಾಡಿದ್ದು. ರಿವಾಲ್ವರಿನದು ಉದ್ದ, ಅಂಚು ಅಗಲ. ಒಂದರದ್ದು ಇನ್ನೊಂದಕ್ಕೆ ಹಾಕುವಂಥದ್ದಲ್ಲ.

ಹಿರೇಕೆರೂರ ಕಡೆಯ ರೈತರೊಬ್ಬರು ಕಳೆದ ಹಂಗಾಮಿನಲ್ಲಿ ನನ್ನನ್ನು ಕೇಳಿದ್ದರು: ‘ಗೋವಿನಜೋಳಕ್ಕ ಹಂದಿ ಕಾಟ ಭಾಳ ಆಗೈತ್ರಿ. ನಾನೂ ಒಂದು ರಿವಾಲ್ವರ್ ತಗೊಂಡ್ರ ಹೆಂಗ?’ ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಬೇಡ. ಬೆಳೆ ರಕ್ಷಣೆಗೆ ಕೊಡುವ ಲೈಸೆನ್ಸ್ ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದಕ್ಕೆ ನಾಲ್ಕನೇ ನಮೂನೆ ಇದೆ. ಆ ಕೆಲಸಕ್ಕೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಇರುವುದು ಉದ್ದ ನಳಿಗೆಯ ಬಂದೂಕು, ಅದೂ ಸದ್ದು ಮಾಡಿ ಬೆದರಿಸಲಿಕ್ಕೆ. ಕತ್ತಲಲ್ಲಿ ಓಡುವ ಹಂದಿಗೆ ರಿವಾಲ್ವರ್ ಹೊಡೆದರೆ ಗುಂಡು ಎಲ್ಲಿಗೆ ಹೋಯಿತು ಎಂದು ಹೊಡೆದವರಿಗೇ ಗೊತ್ತಾಗುವುದಿಲ್ಲ. ಪಕ್ಕದ ಹೊಲದ ಅಟ್ಟಣಿಗೆಯ ಮೇಲೆ ಕಾವಲಿಗೆ ಇನ್ನೊಬ್ಬ ಮಲಗಿರುತ್ತಾನೆ. ಕಾಡುಹಂದಿಯನ್ನು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಲ್ಲುವಂತೆಯೂ ಇಲ್ಲ. ಗಿಳಿ, ನವಿಲಿಗೆ ಏರ್‌ಗನ್ ಹಿಡಿಯುವ ಹುಡುಗರಿಗೂ ಈ ಮಾತು ಸಲ್ಲುತ್ತದೆ. ಹಾನಗಲ್ ಸುತ್ತಿನ ಮಾವಿನ ತೋಟಗಳಲ್ಲಿ ಇದನ್ನು ಕಂಡಿದ್ದೇನೆ. ಏರ್‌ಗನ್ನಿಗೆ ಲೈಸೆನ್ಸ್ ಬೇಡದಿದ್ದರೂ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.

ಇನ್ನು ರಿವಾಲ್ವರ್ ಕೊಂಡೇ ತೀರಬೇಕು ಎನ್ನುವವರಿಗೆ. ಇದು ಮೊಬೈಲ್ ಅಲ್ಲ, ಮನಸ್ಸಿಗೆ ಬಾರದಿದ್ದರೆ ವಾರದಲ್ಲಿ ವಾಪಸ್ ಕೊಡಲು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ವೈದ್ಯರ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುವ ಮುಚ್ಚಳಿಕೆ, ಆಯುಧ ಸುರಕ್ಷತಾ ತರಬೇತಿ, ಇಷ್ಟೆಲ್ಲ ಆದಮೇಲೆ ಸಿಗುವ ಲೈಸೆನ್ಸಿನಲ್ಲಿ ಆಯುಧದ ನಂಬರ್ ಕೂರುತ್ತದೆ. 2019ರ ತಿದ್ದುಪಡಿಯ ಮೇಲೆ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಲೈಸೆನ್ಸಿನ ಅವಧಿ ಐದು ವರ್ಷ. ಮಾರಬೇಕೆಂದರೆ ಲೈಸೆನ್ಸ್ ಇರುವವರಿಗೇ ಮಾರಬೇಕು, ಮುಂಚಿತವಾಗಿ ಬರೆದು ತಿಳಿಸಬೇಕು. ಆದ್ದರಿಂದ ದುಡ್ಡು ಕೊಡುವ ಮುನ್ನವೇ ಅಂಗಡಿಯಲ್ಲಿ, ಅಂಗಡಿಯವರು ಖಾಲಿ ಇದೆಯೆಂದು ತೆಗೆದು ತೋರಿಸಿದ ಮೇಲೆ, ನೀವೂ ಇನ್ನೊಮ್ಮೆ ನೋಡಿ, ಕೈಯಲ್ಲಿ ಹಿಡಿದು ಪರೀಕ್ಷಿಸಿ. ಕಿರುಬೆರಳು ಹಿಡಿಯ ಕೆಳಗೆ ಜೋತಾಡುತ್ತದೆಯೇ? ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಕೂಡುತ್ತದೆಯೇ, ಬರೀ ತುದಿ ತಾಕುತ್ತದೆಯೇ? ಕಣ್ಣು ಮುಚ್ಚಿ ತೋಳು ಚಾಚಿ, ಆಮೇಲೆ ಕಣ್ಣು ತೆರೆದಾಗ ಸೈಟುಗಳು ತಾವಾಗಿ ಸಾಲಿನಲ್ಲಿ ನಿಂತಿವೆಯೇ? ಈ ಕೊನೆಯ ಪರೀಕ್ಷೆ ಯಾವ ಜಾಹೀರಾತಿಗಿಂತಲೂ ನಿಜ ಹೇಳುತ್ತದೆ. ಹಗುರ ಇದ್ದರೆ ಒಳ್ಳೆಯದು ಎಂಬ ನಂಬಿಕೆಯೂ ಅರ್ಧ ಸತ್ಯ. ಹಗುರವಾದಷ್ಟೂ ಹೊತ್ತು ತಿರುಗಲು ಸುಖ, ಹಾರಿಸಿದಾಗ ಕೈಗೆ ಬೀಳುವ ಹೊಡೆತ ಹೆಚ್ಚು. ಆ ಹೊಡೆತಕ್ಕೆ ಹೆದರಿದ ಕೈ ಮುಂದಿನ ಗುಂಡನ್ನು ಮೊದಲೇ ಕೆಳಕ್ಕೆ ತಳ್ಳುತ್ತದೆ. ಸವಣೂರಿನ ಗೆಳೆಯರ ನಾಲ್ಕು ಗುಂಡು ಹೋದದ್ದು ಹಾಗೆಯೇ.

ಹಬ್ಬ, ಮದುವೆ, ಜಾತ್ರೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೆ ಈಗ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚುನಾವಣೆ ಬಂದಾಗ ಆಯುಧವನ್ನು ಠಾಣೆಗೆ ಒಪ್ಪಿಸಲು ಸೂಚನೆ ಬರುತ್ತದೆ. 2024ರ ನವೆಂಬರ್‌ನಲ್ಲಿ ಶಿಗ್ಗಾಂವಿ ಉಪಚುನಾವಣೆ ಕಂಡ ನಮ್ಮವರಿಗೆ ಇದು ಗೊತ್ತು. ಕೊಡುವ ಮುನ್ನ ಒರೆಸಿ ತೆಳ್ಳಗೆ ಎಣ್ಣೆ ಹಚ್ಚಿ ಕೊಡಿ, ರಸೀದಿ ಕಾಯ್ದಿಟ್ಟುಕೊಳ್ಳಿ, ಬಿಡಿಸಿ ತಂದ ದಿನವೇ ನಳಿಗೆಯೊಳಗೆ ತುಕ್ಕು ನೋಡಿ. ಮನೆಯಲ್ಲಿ ಆಯುಧ ಒಂದು ಬೀಗದಲ್ಲಿ, ಕಾಡತೂಸು ಇನ್ನೊಂದು ಬೀಗದಲ್ಲಿ ಇರಲಿ. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದ್ದರೆ, ಕುಡಿತ ಇದ್ದರೆ, ಜಗಳ ನಿತ್ಯ ಇದ್ದರೆ ಆಯುಧವನ್ನು ಮನೆಗೆ ತರಲೇಬೇಡಿ. ಇದು ನನ್ನ ಕೈಮುಗಿದ ವಿನಂತಿ.

ನನ್ನ ಪ್ರೀತಿ ಇರುವುದು ಏರ್ ಪಿಸ್ತೂಲಿನ ಮೇಲೆ. ಗುರಿಯ ರುಚಿ ಹತ್ತಿದವರಿಗೆ ಇದಕ್ಕಿಂತ ನಿರ್ಮಲವಾದ ದಾರಿ ಇಲ್ಲ. 4.5 ಮಿಲಿಮೀಟರ್‌ಗಿಂತ ದಪ್ಪವಲ್ಲದ ನಳಿಗೆ, 20 ಜೂಲ್‌ಗಿಂತ ಹೆಚ್ಚಲ್ಲದ ಶಕ್ತಿ, ಈ ಮಿತಿಯೊಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಐದಾರು ಜೂಲ್ ಅಷ್ಟೇ. ನೋಡಲು ಮಾತ್ರ ಅಸಲಿ ಪಿಸ್ತೂಲಿನಂತೆಯೇ ಇರುತ್ತದೆ. ಬಸ್ಸಿನಲ್ಲಿ ಒಯ್ಯುವಾಗ ಪೆಟ್ಟಿಗೆ ಮುಚ್ಚಿರಲಿ, ಬಿಲ್ಲು ಮತ್ತು ಕ್ಲಬ್ಬಿನ ಕಾರ್ಡು ಜೊತೆಗಿರಲಿ.

ಯಾವ ಕಂಪನಿ ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಸ್ವಿಟ್ಜರ್ಲೆಂಡಿನ ಮೊರಿನಿ, ಆಸ್ಟ್ರಿಯಾದ ಸ್ಟೇಯರ್, ಇಟಲಿಯ ಪಾರ್ಡಿನಿ, ಜರ್ಮನಿಯ ವಾಲ್ಥರ್, ಫೈನ್‌ವರ್ಕ್‌ಬೌ, ಎಲ್ಲವೂ ವೈಸಿನಲ್ಲಿ ಬಿಗಿದರೆ ಒಂದೇ ತೂತು ಮಾಡುತ್ತವೆ. ಆಮೇಲೆ ಉಳಿಯುವುದು ಅವರವರ ಕೈಯ ಒಲವು. ಒಬ್ಬರಿಗೆ ಮೂತಿ ಭಾರ ಬೇಕು, ಒಬ್ಬರಿಗೆ ಭಾರವೆಲ್ಲ ಅಂಗೈಯಲ್ಲೇ ಇರಬೇಕು. ಒಬ್ಬರಿಗೆ ಎಲೆಕ್ಟ್ರಾನಿಕ್ ಟ್ರಿಗರ್, ಇನ್ನೊಬ್ಬರಿಗೆ ಮೆಕ್ಯಾನಿಕಲ್. ಪ್ಯಾರಿಸ್‌ನಲ್ಲಿ ತುರ್ಕಿಯ ಯೂಸುಫ್ ಡಿಕೆಚ್ ಕಣ್ಣಿಗೆ ವಿಶೇಷ ಮಸೂರ, ಮರೆಪಟ್ಟಿ ಯಾವುದೂ ಇಲ್ಲದೆ, ಎರಡೂ ಕಣ್ಣು ತೆರೆದು, ಒಂದು ಕೈ ಜೇಬಿನಲ್ಲಿಟ್ಟು ಬೆಳ್ಳಿ ಗೆದ್ದರು. ಅದು ಅವರ ರೀತಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ಮತ್ತೆ ಪಿಸ್ತೂಲು ಹಿಡಿದವರು. 2013ರಲ್ಲಿ ಮುಖದ ಒಂದು ಬದಿಗೆ ಪಾರ್ಶ್ವವಾಯು ಬಡಿಯಿತು, ಮರುವರ್ಷವೇ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. 2023ರಲ್ಲಿ ಬಾಕು ವಿಶ್ವಕಪ್ಪಿನ ಮಿಶ್ರ ತಂಡದ ಚಿನ್ನ ತಂದ ಬೆಂಗಳೂರಿನ ದಿವ್ಯಾ ಟಿ.ಎಸ್. ಮೊದಲು ಬಾಸ್ಕೆಟ್‌ಬಾಲ್ ಆಡುತ್ತಿದ್ದವರು. ಇವರಲ್ಲಿ ಒಬ್ಬರ ಪಿಸ್ತೂಲು ಇನ್ನೊಬ್ಬರ ಕೈಗೆ ಕೊಟ್ಟರೆ ಇಬ್ಬರೂ ಅಂಕ ಕಳೆದುಕೊಳ್ಳುತ್ತಾರೆ.

ಒಳ್ಳೆಯ ಪಿಸ್ತೂಲೂ ಕೈಕೊಡುತ್ತದೆ, ನಿಜ. 2021ರ ಜುಲೈ 25ರಂದು ಟೋಕಿಯೋದಲ್ಲಿ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಪಿಸ್ತೂಲಿನ ಲಿವರ್ ಮುರಿಯಿತು. ದುರಸ್ತಿಗೆ ಅಮೂಲ್ಯ ನಿಮಿಷಗಳು ಹೋದವು. 575 ಅಂಕ ಗಳಿಸಿ, ಎರಡೇ ಅಂಕದಿಂದ ಫೈನಲ್ ತಪ್ಪಿತು. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲಿವರನ್ನು ಇಪ್ಪತ್ತು ಸಲ ತೆರೆದು ಮುಚ್ಚಿ ನೋಡಿ, ಸಡಿಲ ಇದೆಯೇ ಗಮನಿಸಿ. ಬಿಡಿಭಾಗ ನಮ್ಮ ದೇಶದಲ್ಲಿ ಸಿಗುತ್ತದೆಯೇ ಕೇಳಿ. ನಳಿಗೆಯ ಕೆಳಗಿನ ಗಾಳಿ ಸಿಲಿಂಡರಿನ ಮೇಲೆ ತಾರೀಖು ಕೊರೆದಿರುತ್ತದೆ. ಹತ್ತು ವರ್ಷ ದಾಟಿದ್ದನ್ನು ಸ್ಪರ್ಧೆಯಲ್ಲಿ ಬಿಡುವುದಿಲ್ಲ. ಅದರ ಒತ್ತಡ 200 ಬಾರ್ ವರೆಗೆ ಹೋಗುವುದರಿಂದ ಹಳೆಯದಾದರೆ ಅಪಾಯವೂ ಹೌದು. ಗಾಳಿ ತುಂಬಿಸಿ, ಒತ್ತಡ ತೋರಿಸುವ ಮುಳ್ಳು ಎಲ್ಲಿದೆ ಬರೆದುಕೊಂಡು, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಇಳಿದಿದ್ದರೆ ಸೋರಿಕೆ ಇದೆ. ನಮ್ಮ ಊರುಗಳಲ್ಲಿ ಗಾಳಿ ತುಂಬಿಸುವ ವ್ಯವಸ್ಥೆ ಇಲ್ಲದ್ದರಿಂದ ಕೈಪಂಪಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗುಂಡು ಎಲ್ಲಿ ಬೀಳುತ್ತದೆ ಎಂಬುದನ್ನು ಓದಲು ಕಲಿಯಿರಿ. ಹತ್ತು ಗುಂಡು ಒಂದೇ ಕಡೆ ಗುಂಪಾಗಿದ್ದು, ಆ ಗುಂಪು ನಡುವಿಗಿಂತ ದೂರ ಇದ್ದರೆ ಸಂತೋಷಪಡಿ. ಹಿಂದಿನ ಸೈಟಿನ ತಿರುಪು ತಿರುಗಿಸಿದರೆ ಮುಗಿಯಿತು, ಗುಂಡು ಯಾವ ಕಡೆ ಸರಿಯಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಬೇಕು. ಗುಂಪೇ ಇಲ್ಲದೆ ಚೆದುರಿದ್ದರೆ ತಿರುಪು ಮುಟ್ಟಬೇಡಿ. ಅದು ಕೈಯದೋ ಪೆಲೆಟ್ಟಿನದೋ ದೋಷ. ಪೆಲೆಟ್ ತಲೆಯ ಅಳತೆ 4.48, 4.49, 4.50 ಎಂದು ಬರುತ್ತದೆ, ಒಂದೊಂದು ನಳಿಗೆಗೆ ಒಂದೊಂದು ಒಪ್ಪುತ್ತದೆ. ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಹೋದರೆ ಟ್ರಿಗರನ್ನು ಹಿಸುಕುವ ಬದಲು ಕಿತ್ತಂತೆ ಎಳೆದಿದ್ದೀರಿ. ಬರೀ ಎಡಕ್ಕೆ ಹೋದರೆ ಬೆರಳು ಸಾಲದೆ ತುದಿಯಿಂದ ಪಕ್ಕಕ್ಕೆ ತಳ್ಳುತ್ತಿದ್ದೀರಿ. ನಮ್ಮ ಹುಡುಗಿಯದು ಇದೇ.

ಪಿಸ್ತೂಲು ಮಾರುವುದೋ ಹಿಡಿ ಬದಲಿಸುವುದೋ ಎಂಬ ಯೋಚನೆಯಲ್ಲಿದ್ದಾಗ ಹಾನಗಲ್ಲಿನ ನಮ್ಮ ಓಣಿಯ ಬಡಿಗೇರ ಅಜ್ಜನ ಹತ್ತಿರ ಹೋದೆವು. ಪಿಸ್ತೂಲಿನ ದೇಹ ಮನೆಯಲ್ಲೇ ಬಿಟ್ಟು, ಬಿಚ್ಚಿದ ಕಟ್ಟಿಗೆಯ ಹಿಡಿಯನ್ನಷ್ಟೇ ಒಯ್ದಿದ್ದೆ. ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಅಕ್ರೋಟದ ಕಟಗಿ, ಚಲೋ ಐತಿ. ಕೈ ತಾರವ್ವಾ’ ಎಂದು ಹುಡುಗಿಯ ಅಂಗೈ ಹಿಡಿದು ಬೆರಳಿನ ಗೆಣ್ಣುಗಳನ್ನು ಮುಟ್ಟಿ ಮುಟ್ಟಿ ಅಳೆದರು. ಅಂಗೈಗೆ ನೆನೆಸಿದ ಕುಂಕುಮ ತೆಳ್ಳಗೆ ಸವರಿ ಹಿಡಿಯನ್ನು ಬಿಗಿಯಾಗಿ ಹಿಡಿಯಲು ಹೇಳಿದರು. ಬಿಟ್ಟಾಗ ತಾಕಿದ ಕಡೆ ಕೆಂಪು, ತಾಕದ ಕಡೆ ಕಟ್ಟಿಗೆಯ ಬಣ್ಣ. ಹೆಬ್ಬೆರಳಿನ ಬುಡದಲ್ಲಿ ಗಾಢ ಕೆಂಪು, ಅಂಗೈಯ ನಡುವೆ ಏನೂ ಇಲ್ಲ. ಕೆಂಪು ಹೆಚ್ಚಿದ್ದ ಕಡೆ ಅರದಿಂದ ಉಜ್ಜಿದರು, ಒಂದೊಂದು ಸಲಕ್ಕೆ ಎರಡು ಮೂರು ಎಳೆತ, ಮತ್ತೆ ಕುಂಕುಮ, ಮತ್ತೆ ನೋಡುವುದು. ತೋರುಬೆರಳು ಹಾಯುವ ಕಡೆ ಕಟ್ಟಿಗೆ ತೆಳುವಾಗಿಸಿದರು, ಬೆರಳು ಹಿಡಿಗೆ ತಾಕದೆ ಬಿಡಿಯಾಗಿ ಓಡಾಡಬೇಕು. ನಡುವಿನ ತಗ್ಗಿಗೆ ಕಟ್ಟಿಗೆ ಪುಟ್ಟಿ ತುಂಬಿ, ಹಸಿ ಇದ್ದಾಗಲೇ ಹುಡುಗಿಯ ಕೈಯಿಂದ ಒತ್ತಿಸಿದರು. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

ಹೀಗೆ ಮಾಡಿಸುವವರು ಎರಡು ನಿಯಮ ಮರೆಯಬಾರದು. ಹಿಡಿ ಮಣಿಕಟ್ಟಿಗೆ ಆಸರೆ ಕೊಡುವಂತಿರಬಾರದು. ಪಿಸ್ತೂಲು ಪೂರ್ತಿಯಾಗಿ 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯಲ್ಲಿ ಕೂಡಬೇಕು. ಆಮೇಲೆ ಟ್ರಿಗರಿನ ತುಂಡನ್ನು ಅದರ ಹಳಿಯ ಮೇಲೆ ಹಿಂದಕ್ಕೆ ಸರಿಸಿದೆ. ಬೆರಳಿನ ಮೆತ್ತೆ ಈಗ ಸರಿಯಾಗಿ ಕೂತಿತು.

ಮನೆಯಲ್ಲಿ ಅಭ್ಯಾಸಕ್ಕೆ ಹತ್ತು ಮೀಟರ್ ಸಿಗುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಪಡಸಾಲೆಯಿಂದ ಹಿತ್ತಲ ಗೋಡೆವರೆಗೆ. ಗುರಿಯ ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಗಟ್ಟಿ ಗೋಡೆ, ನಡುವೆ ಯಾವ ಬಾಗಿಲೂ ಇರಬಾರದು. ಪೆಲೆಟ್ ಸೀಸದ್ದು, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು. ಜಾಗ ಇಲ್ಲದಿದ್ದರೆ ಪೆಲೆಟ್ಟೇ ಬೇಡ. ಬಿಳಿ ಗೋಡೆಗೆ ಮುಖ ಮಾಡಿ, ಖಾಲಿ ಪಿಸ್ತೂಲಿನ ಡ್ರೈ ಫೈರ್ ಒತ್ತಿ, ಸೈಟು ಕದಲದಂತೆ ಟ್ರಿಗರ್ ಬಿಡುವುದನ್ನೇ ದಿನಕ್ಕೆ ಅರ್ಧ ಗಂಟೆ ಮಾಡಿದರೂ ಅಂಕ ಏರುತ್ತದೆ.

ಪುಟ್ಟಿ ಒಣಗಿದ ಮೂರನೆಯ ದಿನ ಹುಡುಗಿ ಹತ್ತು ಗುಂಡು ಹೊಡೆದಳು. ಒಂದು ಏಳಕ್ಕೆ ಹೋಯಿತು, ಉಳಿದ ಒಂಬತ್ತು ಎಂಟರ ಒಳಗೆ, ಹೆಚ್ಚುಕಡಿಮೆ ಒಂದೇ ಕಡೆ. ಕಾರ್ಡನ್ನು ಬೆಳಕಿಗೆ ಹಿಡಿದು ತೂತುಗಳೊಳಗಿಂದ ಹಿತ್ತಲನ್ನು ನೋಡಿದಳು. ಅಜ್ಜನಿಗೆ ತೋರಿಸಬೇಕೆಂದು ಹಠ ಮಾಡಿ ಹಾನಗಲ್ಲಿಗೆ ಬಂದಳು. ಅವರು ಕಾರ್ಡನ್ನು ಬಿಟ್ಟು ಅವಳ ಕೈಯನ್ನೇ ಮತ್ತೆ ನೋಡಿ, ‘ಬೆರಳು ಇನ್ನೂ ಬೆಳೀತಾವವ್ವಾ’ ಅಂದರು. ಮಿಕ್ಕ ಪುಟ್ಟಿಯ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಮುಂದಿನ ವರ್ಷಕ್ಕೆ ಎಂದು ಅಟ್ಟದ ಮೇಲೆ ಎತ್ತಿಟ್ಟರು.